ಪಹಣಿಯಲ್ಲಿ ಬರೆಯದ ಪಿತ್ರಾರ್ಜಿತ



ತಂದೆ ತೀರಿಕೊಂಡ ಮೇಲೆ, ತಿಥಿ ಕಳೆದ ಕೂಡಲೇ ಮಕ್ಕಳು ಹೋಗುವುದು ನಾಡಕಚೇರಿಗೆ. ಪೌತಿ ಖಾತೆ ಆಗಬೇಕು, ಪಹಣಿಯಲ್ಲಿ ಹೆಸರು ಕೂರಬೇಕು, ಸಹಕಾರ ಸಂಘದ ಸಾಲದ ಲೆಕ್ಕ ನೋಡಬೇಕು. ಸರ್ವೆ ನಂಬರು, ಗುಂಟೆ, ಖರಾಬು, ಬಾವಿಯ ಪಾಲು, ಗಾಡಿದಾರಿ ಎಲ್ಲವನ್ನೂ ಬಾಯಿಪಾಠ ಹೇಳುವ ಮಗನನ್ನು, "ನಿಮ್ಮ ತಂದೆ ಎಷ್ಟನೇ ವಯಸ್ಸಿಗೆ ಹೋದರು? ಏನಾಗಿತ್ತು?" ಎಂದು ಕೇಳಿ ನೋಡಿರಿ. "ಐವತ್ತೋ ಐವತ್ತೆರಡೋ ಇರಬೇಕು. ಎದೆ ಹಿಡಿದುಕೊಂಡಿತು ಅಂದರು, ಹೋಗಿಬಿಟ್ಟರು" ಎನ್ನುತ್ತಾನೆ. ಅಷ್ಟೇ. ಭೂಮಿಯ ಜೊತೆಯಲ್ಲಿ ತಂದೆಯಿಂದ ತನಗೆ ಇನ್ನೊಂದು ಪಾಲು ಬಂದಿರಬಹುದೆಂಬುದು ಅವನಿಗೆ ತಿಳಿಯದು.

ಬೆಳೆಯ ಪುಟದಲ್ಲಿ ಹೃದಯದ ಮಾತೇಕೆ ಎಂದು ನೀವು ಕೇಳಬಹುದು. ರೈತ ಸಂಪರ್ಕ ಕೇಂದ್ರದಲ್ಲಿ ಕುಳಿತ ನಮಗೆ, ಸಹಾಯಧನದ ಪಟ್ಟಿಯಲ್ಲಿ ಹೆಸರು ಬದಲಾಯಿಸಲು ಮರಣ ಪ್ರಮಾಣಪತ್ರ ಹಿಡಿದು ಬರುವ ಮನೆಯವರನ್ನು ನೋಡುವ ಪ್ರಸಂಗ ಆಗಾಗ ಬರುತ್ತದೆ. ಕೆಲವು ಮನೆಗಳಿಂದ ಒಂದೇ ಕಾರಣಕ್ಕೆ ಎರಡನೆಯ ಸಲ, ಮೂರನೆಯ ಸಲ ಬರುತ್ತಾರೆ. ಸತ್ತವರ ವಯಸ್ಸು ಐವತ್ತರ ಆಚೀಚೆ. ಮಕ್ಕಳಿಗೆ ಇನ್ನೂ ಓದು ಮುಗಿದಿರುವುದಿಲ್ಲ. ಇಂಥ ಸಾವುಗಳಲ್ಲಿ ಬಹುಪಾಲನ್ನು ಮುಂದೂಡಲು ಸಾಧ್ಯವಿದೆ. ಅದಕ್ಕಾಗಿಯೇ ಈ ಲೇಖನ.

ರಕ್ತನಾಳದಲ್ಲಿ ನಡೆಯುವುದೇನು?

ಹೃದಯವು ಮೈಗೆಲ್ಲ ರಕ್ತ ಹರಿಸುವ ಪಂಪು. ಆ ಪಂಪಿನ ಮಾಂಸಖಂಡಕ್ಕೂ ರಕ್ತ ಬೇಕು. ಅದನ್ನು ಒದಗಿಸುವುದು ಹೃದಯದ ಮೇಲೆಯೇ ಹಬ್ಬಿರುವ ಮೂರು ಮುಖ್ಯ ರಕ್ತನಾಳಗಳು. ಇವುಗಳ ಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಸೇರಿ ಗಡ್ಡೆಯಾಗುವುದನ್ನು ವೈದ್ಯರು 'ಪ್ಲಾಕ್' ಎನ್ನುತ್ತಾರೆ. ಜನರ ಬಾಯಲ್ಲಿ ಅದು 'ಬ್ಲಾಕ್'.

ಹನಿ ನೀರಾವರಿಯ ಪೈಪಿನೊಳಗೆ ಉಪ್ಪು ಕಟ್ಟಿದಂತೆ ಎಂದು ಹಲವರು ತಿಳಿದಿದ್ದಾರೆ. ಇದು ಅರ್ಧ ಮಾತ್ರ ಸರಿ. ಉಪ್ಪು ಕಟ್ಟುವುದು ಪೈಪಿನ ಒಳಮೈ ಮೇಲೆ; ಆಸಿಡ್ ಬಿಟ್ಟು ತೊಳೆದರೆ ಹೋಗುತ್ತದೆ. ಪ್ಲಾಕ್ ಸೇರುವುದು ರಕ್ತನಾಳದ ಗೋಡೆಯೊಳಗೆ, ಚರ್ಮದ ಕೆಳಗೆ ಕುರು ಎದ್ದಂತೆ. ಆದ್ದರಿಂದ ಬೆಳ್ಳುಳ್ಳಿ, ಶುಂಠಿ, ನಿಂಬೆರಸದ ಕಷಾಯ ಕುಡಿದು 'ಬ್ಲಾಕ್ ತೊಳೆಯುವುದು' ಆಗದ ಮಾತು. ಅಂಥ ಜಾಹೀರಾತನ್ನು ನಂಬಿ ವೈದ್ಯರ ಮಾತ್ರೆ ನಿಲ್ಲಿಸಬೇಡಿರಿ.

ಈ ಕುರುವಿನ ಮೇಲಿನ ಪದರ ತೆಳ್ಳಗಿದ್ದರೆ ಒಂದು ದಿನ ಒಡೆಯುತ್ತದೆ. ಕುಡುಗೋಲು ತಗುಲಿದ ಗಾಯಕ್ಕೆ ರಕ್ತ ಹೆಪ್ಪುಗಟ್ಟುವಂತೆಯೇ ಅಲ್ಲಿಯೂ ಹೆಪ್ಪುಗಟ್ಟುತ್ತದೆ. ಕೈಯ ಗಾಯದಲ್ಲಿ ಹೆಪ್ಪು ಪ್ರಾಣ ಉಳಿಸುತ್ತದೆ. ಕಿರಿದಾದ ರಕ್ತನಾಳದಲ್ಲಿ ಅದೇ ಹೆಪ್ಪು ದಾರಿಯನ್ನು ಮುಚ್ಚಿಬಿಡುತ್ತದೆ. ಇದೇ ಹೃದಯಾಘಾತ. ಗಮನಿಸತಕ್ಕ ಸಂಗತಿಯೆಂದರೆ, ದಾರಿಯನ್ನು ಅರ್ಧಕ್ಕಿಂತ ಕಡಮೆ ಕಟ್ಟಿದ್ದ ಪ್ಲಾಕ್ ಕೂಡ ಹೀಗೆ ಒಡೆಯಬಹುದು. "ನಿನ್ನೆ ತನಕ ಉತ್ತು ಬಂದವನು ಇವತ್ತು ಹೋದ" ಎನ್ನುವುದು ಇದರಿಂದಲೇ.

ಇದು ಮುಪ್ಪಿನಲ್ಲಿ ಆರಂಭವಾಗುವ ರೋಗವಲ್ಲ. ಕೊರಿಯಾ ಯುದ್ಧದಲ್ಲಿ ಮಡಿದ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವರದಿ 1953ರಲ್ಲಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 22 ವರ್ಷ. ಆದರೂ ನೂರಕ್ಕೆ 77 ಜನರ ರಕ್ತನಾಳಗಳಲ್ಲಿ ರೋಗದ ಗುರುತು ಆಗಲೇ ಇತ್ತು. ಅಂದರೆ ಇದು ಮೂವತ್ತು, ನಲವತ್ತು ವರ್ಷ ನಿಧಾನವಾಗಿ ಬೆಳೆಯುವ ಬೆಳೆ. ಕಳೆ ತೆಗೆಯಲು ಬೇಕಾದಷ್ಟು ಕಾಲವಿದೆ, ಕಂಡುಕೊಂಡರೆ.

ತಳಿಗುಣ ಒಂದು, ಬೇಸಾಯ ಒಂದು

ರಾಗಿ ಬೆಳೆಯುವವರಿಗೆ ಬೆಂಕಿ ರೋಗ ಹೊಸದಲ್ಲ. ಜಿ.ಪಿ.ಯು.-28 ತಳಿ ಈ ರೋಗವನ್ನು ತಡೆದುಕೊಳ್ಳುತ್ತದೆ. ತಡೆಯಲಾರದ ತಳಿಗಳೂ ಇವೆ. ತಡೆಯಲಾರದ ತಳಿಯನ್ನು ಬಿತ್ತಿದ ರೈತ ಹೊಲವನ್ನೇ ಬಿಟ್ಟು ಹೋಗುವುದಿಲ್ಲ. ಬೀಜೋಪಚಾರ ಮಾಡುತ್ತಾನೆ, ಯೂರಿಯಾ ಮಿತಿಯಲ್ಲಿ ಹಾಕುತ್ತಾನೆ, ನೆರೆಯವನಿಗಿಂತ ಎರಡು ಸಲ ಹೆಚ್ಚು ಹೊಲ ಸುತ್ತುತ್ತಾನೆ. ಮನುಷ್ಯರ ಹೃದಯದ ವಿಷಯವೂ ಹಾಗೆಯೇ.

2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 55 ಸಾವಿರಕ್ಕೂ ಹೆಚ್ಚು ಜನರ ವಂಶಗುಣವನ್ನೂ ಜೀವನಕ್ರಮವನ್ನೂ ಕೂಡಿಸಿ ನೋಡಿದರು. ಹೊಗೆ ಸೇದದಿರುವುದು, ಮಿತಿಮೀರಿ ದಪ್ಪವಾಗದಿರುವುದು, ಮೈಬಗ್ಗಿಸುವುದು, ಒಳ್ಳೆಯ ಊಟ, ಈ ನಾಲ್ಕರಲ್ಲಿ ಮೂರನ್ನಾದರೂ ಪಾಲಿಸಿದವರಲ್ಲಿ, ವಂಶದ ಅಪಾಯ ಅತಿ ಹೆಚ್ಚಾಗಿದ್ದವರಿಗೂ ಹೃದ್ರೋಗದ ಸಂಭವ ಹೆಚ್ಚುಕಡಮೆ ಅರ್ಧಕ್ಕೆ ಇಳಿದಿತ್ತು. ಬೀಜ ನಮ್ಮ ಕೈಯಲ್ಲಿಲ್ಲ, ಬೇಸಾಯ ಇದೆ. "ಅಪ್ಪನಿಗೂ ಹಾಗೇ ಆಯ್ತು, ನನಗೂ ಹಣೆಬರಹ" ಎಂದು ಕೈಚೆಲ್ಲುವುದು ಸರಿಯಲ್ಲ. "ನಾನು ಬೆವರು ಸುರಿಸುವವನು, ನನಗೇನಾಗುತ್ತೆ" ಎನ್ನುವುದೂ ಸರಿಯಲ್ಲ.

ಯಾವ ಮನೆತನದವರು ಎಚ್ಚರ ವಹಿಸಬೇಕು?

ತಂದೆ ಅಥವಾ ಒಡಹುಟ್ಟಿದ ಗಂಡಸಿಗೆ 55 ವರ್ಷದೊಳಗೆ, ತಾಯಿ ಅಥವಾ ಒಡಹುಟ್ಟಿದ ಹೆಣ್ಣುಮಗಳಿಗೆ 65 ವರ್ಷದೊಳಗೆ ಹೃದಯಾಘಾತವಾಗಿದ್ದರೆ ಅದನ್ನು ಮನೆತನದ ಅಪಾಯವೆಂದು ಎಣಿಸಬೇಕು. ಇದಲ್ಲದೆ ನಮ್ಮ ಭಾಗದವರಿಗೆ ಈ ರೋಗ ಬೇಗನೆ ಬರುತ್ತದೆ. 52 ದೇಶಗಳಲ್ಲಿ ನಡೆದ 'ಇಂಟರ್‌ಹಾರ್ಟ್' ಅಧ್ಯಯನದಲ್ಲಿ ದಕ್ಷಿಣ ಏಷ್ಯಾದ ಜನರಿಗೆ ಮೊದಲ ಹೃದಯಾಘಾತ ಬಂದ ಸರಾಸರಿ ವಯಸ್ಸು 53. ಉಳಿದವರಿಗೆ ಸುಮಾರು 59.

ಕೆಲವು ಮನೆತನಗಳಲ್ಲಿ ಎಲ್.ಡಿ.ಎಲ್. ಎಂಬ ಕೆಟ್ಟ ಕೊಲೆಸ್ಟರಾಲ್ ಹುಟ್ಟಿನಿಂದಲೇ ಹೆಚ್ಚು. ರಕ್ತದಿಂದ ಈ ಕೊಬ್ಬನ್ನು ಸೆಳೆದುಕೊಳ್ಳುವ ಕೊಂಡಿಗಳು ನಮ್ಮ ಪಿತ್ತಜನಕಾಂಗದಲ್ಲಿ ಇವೆ. ಇದನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ಬಂತು. ಸುಮಾರು 250 ಜನರಲ್ಲಿ ಒಬ್ಬರಿಗೆ ಈ ಕೊಂಡಿಗಳು ಹುಟ್ಟಿನಿಂದಲೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಅಂಥವರು ತೆಳ್ಳಗಿದ್ದರೂ, ತುಪ್ಪ ಮುಟ್ಟದಿದ್ದರೂ ಎಲ್.ಡಿ.ಎಲ್. 190 ದಾಟಿರಬಹುದು. ಅವರ ಪ್ರತಿ ಮಗುವಿಗೂ ಈ ಗುಣ ಬರುವ ಸಂಭವ ಎರಡರಲ್ಲಿ ಒಂದು. ಹಿಮ್ಮಡಿಯ ಮೇಲಿನ ನರದಲ್ಲಿ ಗಂಟು, ಕಣ್ಣಿನ ರೆಪ್ಪೆಯ ಮೇಲೆ ಹಳದಿ ಕಲೆ ಕೆಲವರಲ್ಲಿ ಇದರ ಗುರುತು. ಹಲವರಲ್ಲಿ ಹೊರಗೆ ಏನೂ ಕಾಣದು. ರಕ್ತ ಪರೀಕ್ಷೆಯೊಂದೇ ದಾರಿ. ಲೈಪೊಪ್ರೋಟೀನ್-ಎ ಎಂಬ ಇನ್ನೊಂದು ಕಣವೂ ವಂಶದಿಂದಲೇ ಬರುತ್ತದೆ. ಊಟ ಬದಲಾಯಿಸಿದರೆ ಅದು ಇಳಿಯದು. ಜೀವಮಾನದಲ್ಲಿ ಒಮ್ಮೆ ಪರೀಕ್ಷಿಸಿಕೊಂಡರೆ ಸಾಕು.

ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಭೂಮಿಯಲ್ಲಿ ಸಮಪಾಲು ಕೊಡುವ ಕಾನೂನು ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಈ ಆಸ್ತಿ ಮಾತ್ರ ಮೊದಲಿನಿಂದಲೂ ಅವರಿಗೆ ಸಮಪಾಲು ಕೊಟ್ಟಿದೆ. ಮದುವೆಯಾಗಿ ಬೇರೆ ಊರಿಗೆ ಹೋದ ಅಕ್ಕತಂಗಿಯರಿಗೂ ತಿಳಿಸಿರಿ. ತಾಯಿಯ ತವರಿನ ಕಡೆಯದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿರಿ. ನಮ್ಮಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ಇದೆ. ಗಂಡಹೆಂಡಿರಿಬ್ಬರಲ್ಲೂ ಕೊಲೆಸ್ಟರಾಲಿನ ಇದೇ ದೋಷವಿದ್ದರೆ, ಎರಡೂ ಕಡೆಯಿಂದ ಅದು ಮಗುವಿಗೆ ಬರುವ ಸಂಭವ ನಾಲ್ಕರಲ್ಲಿ ಒಂದು. ಅಂಥ ಮಗುವಿಗೆ ಎಳೆಯ ವಯಸ್ಸಿನಲ್ಲಿಯೇ ಹೃದ್ರೋಗ ಬರುತ್ತದೆ. ಇಂಥ ಮನೆತನಗಳಲ್ಲಿ ಮಕ್ಕಳಿಗೆ ಹತ್ತು ವರ್ಷ ತುಂಬುವುದರೊಳಗೆ ಒಮ್ಮೆ ಕೊಲೆಸ್ಟರಾಲ್ ನೋಡಿಸಬೇಕು.

ಮೂವರು ಅಣ್ಣತಮ್ಮಂದಿರು

ನನ್ನ ಕಾರ್ಯವ್ಯಾಪ್ತಿಯ ಹಳ್ಳಿಯೊಂದರ ಉದಾಹರಣೆ ಹೇಳುತ್ತೇನೆ, ಹೆಸರು ಬೇಡ. ತಂದೆ 51ರಲ್ಲಿ ತೀರಿಕೊಂಡಿದ್ದರು. ಹಿರಿಯ ಮಗ 49ನೇ ವಯಸ್ಸಿನಲ್ಲಿ, ಕರೆಂಟು ಬಂತೆಂದು ರಾತ್ರಿ ಮೋಟಾರು ಹಾಕಲು ಹೋದವನು ಪಂಪ್‌ಹೌಸಿನ ಬಾಗಿಲಲ್ಲೇ ಕುಸಿದ. ಉಳಿದಿಬ್ಬರು ತಮ್ಮಂದಿರೂ ಪರೀಕ್ಷೆ ಮಾಡಿಸಿದರು. ಇಬ್ಬರಿಗೂ ಎಲ್.ಡಿ.ಎಲ್. ಇನ್ನೂರು ದಾಟಿತ್ತು. ಇಬ್ಬರಿಗೂ ವೈದ್ಯರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟು, ಬೀಡಿ ಬಿಡಲು ಹೇಳಿದರು.

ನಡುವಿನವನ ಎರಡು ರಕ್ತನಾಳಗಳಲ್ಲಿ ಪ್ಲಾಕ್ ಕಂಡಿತ್ತು. ಸ್ಟೆಂಟ್ ಬೇಕಾಗಿಲ್ಲ, ಮಾತ್ರೆ ಸಾಕು ಎಂದರು. ಅವನು ರಾತ್ರಿ ಊಟವಾದ ಕೂಡಲೇ ಮಾತ್ರೆ ನುಂಗುವುದನ್ನು ದೀಪ ಹಚ್ಚುವಷ್ಟೇ ತಪ್ಪದ ಕೆಲಸ ಮಾಡಿಕೊಂಡ. ಒಂಬತ್ತು ವರ್ಷವಾಯಿತು. ಈಗ 54, ತಂದೆ ಬದುಕಿದ್ದಕ್ಕಿಂತ ಮೂರು ವರ್ಷ ಹೆಚ್ಚು. ಎರಡು ಎಕರೆ ತೆಂಗು, ನಾಲ್ಕು ಹಸು ಅವನ ಕೈಯಲ್ಲೇ ಇವೆ.

ಕಿರಿಯವನೂ ಆರು ತಿಂಗಳು ಮಾತ್ರೆ ನುಂಗಿದ. ಮತ್ತೆ ರಕ್ತ ನೋಡಿಸಿದಾಗ ಎಲ್.ಡಿ.ಎಲ್. ಇಳಿದಿತ್ತು. "ಸರಿಹೋಯ್ತಲ್ಲಣ್ಣ, ಇನ್ಯಾಕೆ ಮಾತ್ರೆ?" ಎಂದು ನಿಲ್ಲಿಸಿಬಿಟ್ಟ. ಮೂರನೆಯ ವರ್ಷ ಒಂದು ರಾತ್ರಿ ಎದೆ ಉರಿಯಿತು. ಗ್ಯಾಸು ಎಂದು ಸೋಡಾ ಕುಡಿದು ಮಲಗಿದ. ಬೆಳಗ್ಗೆ ಆಸ್ಪತ್ರೆ ಸೇರುವ ಹೊತ್ತಿಗೆ ಹೃದಯದ ಒಂದು ಭಾಗ ಸತ್ತಿತ್ತು. ಪ್ರಾಣ ಉಳಿಯಿತು, ಕಸುವು ಉಳಿಯಲಿಲ್ಲ. ಗುದ್ದಲಿ ಹಿಡಿದರೆ ಏದುಸಿರು. ಜಮೀನನ್ನು ವಾರಕ್ಕೆ ಕೊಟ್ಟು ಕುಳಿತಿದ್ದಾನೆ.

ಒಂದೇ ತಾಯಿಯ ಮಕ್ಕಳು, ಒಂದೇ ರೋಗ, ಒಂದೇ ಔಷಧಿ. ಬೇರೆಯಾದದ್ದು ಒಂದೇ: ಮಾತ್ರೆ ಕೊಲೆಸ್ಟರಾಲನ್ನು ತಗ್ಗಿಸಿ ಇಡುತ್ತದೆಯೇ ಹೊರತು ಮನೆತನದ ಗುಣವನ್ನು ಕಿತ್ತುಹಾಕುವುದಿಲ್ಲ ಎಂಬುದನ್ನು ಒಬ್ಬ ತಿಳಿದುಕೊಂಡ, ಇನ್ನೊಬ್ಬ ತಿಳಿದುಕೊಳ್ಳಲಿಲ್ಲ.

ಅಕ್ಕಿಯ ಬೂಷ್ಟಿನಿಂದ ಬಂದ ಮಾತ್ರೆ

ಈ ಮಾತ್ರೆಗಳ ಜಾತಿಗೆ ಸ್ಟ್ಯಾಟಿನ್ ಎಂದು ಹೆಸರು. ಇದನ್ನು ಮೊದಲು ಕಂಡುಹಿಡಿದವರು ರೈತನ ಮಗ, ಕೃಷಿ ಪದವೀಧರ ಎಂದರೆ ನಿಮಗೆ ಸಂತೋಷವಾದೀತು. ಜಪಾನಿನ ಅಕಿತಾ ಪ್ರಾಂತ್ಯದ ರೈತ ಕುಟುಂಬದಲ್ಲಿ 1933ರಲ್ಲಿ ಹುಟ್ಟಿದ ಅಕಿರಾ ಎಂಡೊ, ತೊಹೊಕು ವಿಶ್ವವಿದ್ಯಾಲಯದಲ್ಲಿ ಕೃಷಿ ಓದಿದರು. ಕೊಲೆಸ್ಟರಾಲ್ ತಗ್ಗಿಸುವ ವಸ್ತು ಯಾವುದಾದರೂ ಶಿಲೀಂಧ್ರದಲ್ಲಿ ಸಿಕ್ಕೀತೆಂದು ಸುಮಾರು 6,000 ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿದರು. 1973ರಲ್ಲಿ ಅದು ಸಿಕ್ಕಿತು. ಸಿಕ್ಕಿದ್ದು ಕ್ಯೋಟೊ ನಗರದ ಧಾನ್ಯದಂಗಡಿಯ ಅಕ್ಕಿಯಲ್ಲಿದ್ದ ನೀಲಿಹಸಿರು ಬೂಷ್ಟಿನಲ್ಲಿ. ಇಲಿಗಳಿಗೆ ತಿನ್ನಿಸಿದರೆ ಫಲ ಕಾಣಲಿಲ್ಲ. ಮೊಟ್ಟೆ ಇಡುವ ಕೋಳಿಗಳಿಗೆ ತಿನ್ನಿಸಿ ನೋಡಿದಾಗ ರಕ್ತದ ಕೊಲೆಸ್ಟರಾಲ್ ಸುಮಾರು ಅರ್ಧಕ್ಕೆ ಇಳಿಯಿತು. ಇದೇ ಜಾತಿಯ ಮೊದಲ ಮಾತ್ರೆ 1987ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಎಂಡೊ 2024ರಲ್ಲಿ ತೀರಿಕೊಂಡರು. (ಹಾಗೆಂದು ಬೂಷ್ಟು ಹಿಡಿದ ಅಕ್ಕಿ ಉಣ್ಣಬೇಡಿರಿ. ಬೂಷ್ಟಿನಲ್ಲಿ ವಿಷಗಳೇ ಹೆಚ್ಚು.)

ಸ್ಟ್ಯಾಟಿನ್ ಪಿತ್ತಜನಕಾಂಗದ ಕೊಂಡಿಗಳನ್ನು ಹೆಚ್ಚಿಸಿ ರಕ್ತದ ಎಲ್.ಡಿ.ಎಲ್. ಇಳಿಸುತ್ತದೆ. ಇದರಿಂದ ಪ್ಲಾಕಿನ ಮೇಲಿನ ಪದರ ಗಟ್ಟಿಯಾಗಿ, ಒಡೆಯುವ ಭಯ ಕಡಮೆಯಾಗುತ್ತದೆ. ಪ್ಲಾಕ್ ಇದ್ದವರು ಎಲ್.ಡಿ.ಎಲ್. ಅನ್ನು 70ಕ್ಕಿಂತ ಕೆಳಗೆ, ಕೆಲವರು ಇನ್ನೂ ಕೆಳಗೆ ಇಡಬೇಕೆಂದು ವೈದ್ಯರು ಹೇಳುತ್ತಾರೆ. ಕೆಲವರಿಗೆ ಮೈಕೈ ನೋವು ಬರಬಹುದು. ಬಂದರೆ ನೀವೇ ನಿಲ್ಲಿಸದೆ ವೈದ್ಯರಿಗೆ ಹೇಳಿರಿ, ಪ್ರಮಾಣ ಅಥವಾ ಮಾತ್ರೆ ಬದಲಾಯಿಸುತ್ತಾರೆ. ಗರ್ಭಿಣಿಯರು, ಗರ್ಭ ಧರಿಸಲು ಬಯಸುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಜನೌಷಧಿ ಅಂಗಡಿಗಳಲ್ಲಿ ಈ ಮಾತ್ರೆ ಕಡಮೆ ಬೆಲೆಗೆ ಸಿಗುತ್ತದೆ.

ಪ್ಲಾಕ್ ಕಂಡರೆ ಸ್ಟೆಂಟ್ ಬೇಕೇ?

ಈ ಪ್ರಶ್ನೆಗೆ ಹೆದರಿ, ಜಮೀನು ಅಡವಿಟ್ಟ ಮನೆಗಳಿವೆ. ವಿಷಯ ಹೀಗಿದೆ. ಹೃದಯಾಘಾತ ನಡೆಯುತ್ತಿರುವಾಗ ಮುಚ್ಚಿದ ನಾಳವನ್ನು ತೆರೆಯುವುದು ಪ್ರಾಣ ಉಳಿಸುವ ಕೆಲಸ. ಅಲ್ಲಿ ಹಿಂದೆಮುಂದೆ ನೋಡಬಾರದು. ಆದರೆ ಆಘಾತವಿಲ್ಲದೆ, ಸ್ಥಿರವಾಗಿರುವ ರೋಗದಲ್ಲಿ ಒಳ್ಳೆಯ ಔಷಧೋಪಚಾರದ ಜೊತೆಗೆ ಸ್ಟೆಂಟನ್ನೂ ಹಾಕಿದ್ದರಿಂದ ಸಾವು ಕಡಮೆಯಾಗಲಿಲ್ಲವೆಂದು 2007 ಮತ್ತು 2019ರಲ್ಲಿ ಫಲಿತಾಂಶ ಹೊರಬಂದ ಎರಡು ದೊಡ್ಡ ಪ್ರಯೋಗಗಳು ತೋರಿಸಿವೆ. ಮಾತ್ರೆಗೂ ಬಗ್ಗದ ಎದೆನೋವು ತಗ್ಗಿಸಲು ಸ್ಟೆಂಟ್ ಉಪಯುಕ್ತ. ಕೆಲವು ಬಗೆಯ ಅಡಚಣೆಗಳಿಗೆ ಸ್ಟೆಂಟ್ ಅಥವಾ ಬೈಪಾಸ್ ಬೇಕಾಗುವುದೂ ಉಂಟು. ಆದ್ದರಿಂದ ತುರ್ತಿಲ್ಲದಿದ್ದಾಗ, "ಔಷಧಿಯಲ್ಲೇ ನಡೆಯುತ್ತದೆಯೇ?" ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ, ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ, ಈ ಯೋಜನೆಗಳಲ್ಲಿ ನಿಮ್ಮ ಹೆಸರಿದೆಯೇ ಎಂದು ಆರೋಗ್ಯ ಚೆನ್ನಾಗಿರುವಾಗಲೇ ವಿಚಾರಿಸಿಕೊಳ್ಳಿರಿ.

ಊಟ, ದುಡಿಮೆ, ಹೊಗೆಸೊಪ್ಪು

ಮೊದಲು ಬಿಡಬೇಕಾದದ್ದು ಬೀಡಿ, ಸಿಗರೇಟು, ಗುಟ್ಕಾ, ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು. ಸೇದುವುದನ್ನು ಬಿಟ್ಟ ಒಂದು ವರ್ಷದಲ್ಲಿ, ಅದರಿಂದ ಬಂದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಷ್ಟು ಲಾಭ ಕೊಡುವ ಬೆಳೆ ಬೇರೊಂದಿಲ್ಲ.

ರಾಗಿ, ಜೋಳ, ಹುರುಳಿ, ಅವರೆ, ಸೊಪ್ಪು, ತರಕಾರಿ ನಮ್ಮ ಹೊಲದಲ್ಲೇ ಇವೆ. ಆದರೆ ಅವನ್ನು ಮಾರಿ ಪಾಲಿಶ್ ಅಕ್ಕಿ, ಬೇಕರಿ ತಿಂಡಿ ತರುವುದು ಹೆಚ್ಚಾಗಿದೆ. ವನಸ್ಪತಿ, ತಾಳೆ ಎಣ್ಣೆ, ಒಮ್ಮೆ ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿದ ಬೋಂಡ ಬೇಡ. ಕೊಬ್ಬರಿ ಎಣ್ಣೆ, ತುಪ್ಪ ಮಿತವಾಗಿರಲಿ. ಕಡಲೆಕಾಯಿ, ಕುಸುಬೆ, ಸೂರ್ಯಕಾಂತಿ, ಎಳ್ಳೆಣ್ಣೆ ಆಗಬಹುದು, ಅದೂ ಅಳತೆಯಲ್ಲಿ. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಈ ಲೆಕ್ಕಕ್ಕೆ ಸೇರಿದ್ದು.

ದುಡಿಮೆಯ ವಿಷಯ. ನಮ್ಮ ತಂದೆಯವರು ನೊಗ ಹೊತ್ತು ಹೊಲಕ್ಕೆ ನಡೆದು ಹೋಗುತ್ತಿದ್ದರು. ನಾವು ಟ್ರ್ಯಾಕ್ಟರಿನಲ್ಲಿ ಉಳುತ್ತೇವೆ, ಬೈಕಿನಲ್ಲಿ ತೋಟಕ್ಕೆ ಹೋಗುತ್ತೇವೆ, ಮೊಬೈಲಿನಲ್ಲೇ ಮೋಟಾರು ಹಾಕುತ್ತೇವೆ. ಊಟ ಮಾತ್ರ ಹಿಂದಿನಷ್ಟೇ. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಪ್ಲಾಕ್ ಇದ್ದವರು ತಿಂಗಳುಗಟ್ಟಲೆ ಸುಮ್ಮನಿದ್ದು, ಕೊಯ್ಲಿನ ದಿನ ಏಕಾಏಕಿ ಮೂಟೆ ಎತ್ತಬಾರದು. ಹೊರೆ ಹೊತ್ತು ಏರು ಹತ್ತುವಾಗ ಎದೆ ಬಿಗಿದು, ನಿಂತರೆ ಬಿಡುವುದಾದರೆ ಅದು ಗ್ಯಾಸಲ್ಲ, ಹೃದಯದ ಎಚ್ಚರಿಕೆ. ಆ ವಾರವೇ ತೋರಿಸಿರಿ. ಬಿ.ಪಿ., ಸಕ್ಕರೆ ರೋಗ ಇದ್ದವರು ಅವನ್ನೂ ಹಿಡಿತದಲ್ಲಿಡಬೇಕು. ಮೂವತ್ತು ದಾಟಿದವರಿಗೆ ಈ ಎರಡರ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ.

ಎದೆನೋವು ಬಂದಾಗ

ಎದೆಯ ನಡುವೆ ಕಲ್ಲು ಹೇರಿದಂಥ ಭಾರ, ಎಡಗೈ, ದವಡೆ ಅಥವಾ ಬೆನ್ನಿಗೆ ಹರಿಯುವ ನೋವು, ತಣ್ಣನೆ ಬೆವರು, ಉಸಿರುಕಟ್ಟುವುದು ಇದರ ಲಕ್ಷಣಗಳು. ಹೆಂಗಸರಿಗೆ, ಸಕ್ಕರೆ ರೋಗಿಗಳಿಗೆ ನೋವೇ ಇಲ್ಲದೆ ಬರೀ ಸುಸ್ತು, ವಾಂತಿ, ಏದುಸಿರು ಬರಬಹುದು. ಸೋಡಾ, ಜೀರಿಗೆ ನೀರು, ಓಮದ ಕಷಾಯ ಎಂದು ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿರಿ. ರೋಗಿಯನ್ನು ನಡೆಸಬೇಡಿರಿ, ಬೈಕಿನಲ್ಲಿ ಕೂರಿಸಬೇಡಿರಿ. ಫೋನಿನಲ್ಲಿ ವೈದ್ಯರು ಹೇಳಿದರೆ, ಆಸ್ಪಿರಿನ್ ಒಗ್ಗದವರು ಮತ್ತು ರಕ್ತಸ್ರಾವದ ತೊಂದರೆಯವರನ್ನು ಬಿಟ್ಟು ಉಳಿದವರು ಒಂದು ಆಸ್ಪಿರಿನ್ ಮಾತ್ರೆಯನ್ನು ಅಗಿದು ನುಂಗಬಹುದು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ 46ನೇ ವಯಸ್ಸಿನಲ್ಲಿ ನಿಧನರಾದದ್ದು ನಿಮಗೆ ನೆನಪಿದೆ. ಅವರ ಹೆಸರಿನಲ್ಲಿ 2023ರಲ್ಲಿ ಸರ್ಕಾರ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಂದ ನೋಡಿಸಿ, ಬೇಕಾದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಈ ಮದ್ದು ಮೊದಲ ಗಂಟೆಯಲ್ಲಿ ಕೊಡುವ ಫಲ ಆರನೆಯ ಗಂಟೆಯಲ್ಲಿ ಕೊಡದು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು ಇಂದೇ ಕೇಳಿಟ್ಟುಕೊಳ್ಳಿರಿ. ನೋವು ಬಂದ ರಾತ್ರಿ ಕೇಳುತ್ತ ಕೂರಬಾರದು.

ಈಗ ಮಾಡಬೇಕಾದದ್ದು

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಸಾವಿನ ಸುದ್ದಿಗಳು ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತರು. ಭಯದಿಂದ ಹೋಗಿ ಒಂದು ಇ.ಸಿ.ಜಿ. ತೆಗೆಸಿ, "ಸರಿ ಇದೆ" ಎಂದ ಕೂಡಲೇ ಮರೆತುಬಿಡುವುದು ಸಾಲದು. ಇ.ಸಿ.ಜಿ. ಸರಿ ಇದ್ದರೂ ನಾಳದ ಗೋಡೆಯಲ್ಲಿ ಪ್ಲಾಕ್ ಇರಬಹುದು. ಮನೆತನದ ಚರಿತ್ರೆ, ರಕ್ತದ ಕೊಲೆಸ್ಟರಾಲ್, ಬಿ.ಪಿ., ಸಕ್ಕರೆ ಇವನ್ನು ಕೂಡಿಸಿ ನೋಡಿದರೆ ಮಾತ್ರ ವೈದ್ಯರಿಗೆ ಪೂರ್ಣ ಚಿತ್ರ ಸಿಗುತ್ತದೆ.

ಪಹಣಿ, ಖಾತೆ ಇಟ್ಟಿರುವ ಪೆಟ್ಟಿಗೆಯಲ್ಲಿ ಒಂದು ಹಾಳೆಯನ್ನೂ ಇಡಿರಿ. ಅಜ್ಜ, ಅಜ್ಜಿ, ತಂದೆ, ತಾಯಿ, ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಸೋದರಮಾವ, ಅಣ್ಣತಮ್ಮ, ಅಕ್ಕತಂಗಿ: ಯಾರಿಗೆ ಹೃದಯದ ತೊಂದರೆ ಬಂತು, ಯಾವ ವಯಸ್ಸಿಗೆ, ಈಗ ಯಾರ ಕೊಲೆಸ್ಟರಾಲ್ ಎಷ್ಟಿದೆ, ಇಷ್ಟು ಬರೆದರೆ ಸಾಕು. ವಯಸ್ಸು ನೆನಪಿಲ್ಲದಿದ್ದರೆ ಮನೆಯ ಹಿರಿಯ ಹೆಂಗಸರನ್ನು ಕೇಳಿರಿ. ಯಾವ ಬರಗಾಲದ ವರ್ಷ, ಯಾರ ಮದುವೆಯ ಮುಂಚೆ ಎಂದು ಲೆಕ್ಕ ಹಾಕಿ ಹೇಳುತ್ತಾರೆ. ಆ ಹಾಳೆಯನ್ನು ಹಿಡಿದು ಮುಂದಿನ ಸಂತೆಯ ದಿನವೇ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ. ಮಕ್ಕಳಿಗೆ ಬೇರೆ ಬೇರೆ ಖಾತೆ ಮಾಡಿಕೊಡುವ ದಿನ ಈ ಹಾಳೆಯ ಪ್ರತಿಯನ್ನೂ ಒಬ್ಬೊಬ್ಬರಿಗೆ ಕೊಡಿರಿ. ಭೂಮಿಯನ್ನು ಉಳುವ ಕೈಗೆ ಅದೂ ಅಷ್ಟೇ ಅವಶ್ಯ.